ಮೇಕೆ ತಿಂದ ಬಾವುಟ

(ಕಂತು ಒಂಬತ್ತು)

ಬಾವುಟವನ್ನು ಮಗುಚಿದೆ. ಸೂಜಿ ಹಿಡಿದ ಕೈ ಅಲ್ಲೇ ನಿಂತಿತು.

ಮೇಲ್ಬದಿಯ ಅಂಚಿಗೆ ಹಳದಿ ದಾರ. ಹಿಂಬದಿಯ ಅಂಚಿಗೆ ನೀಲಿ.

“ಏನೇ ಸೂಜಿ, ಉಸಿರಾಡೋದನ್ನೂ ಮರೆತುಬಿಟ್ಯಾ?” ಎಂದರು ದೊಡ್ಡಕ್ಕ, ಮಷಿನ್ ತುಳಿಯುವುದನ್ನು ನಿಲ್ಲಿಸದೆ.

ಸೂಜಿ ಎಂದರೆ ನಾನೇ. ಸ್ಟೇಷನ್ನಿನ ಹೊಲಿಗೆ ಕೋಣೆಗೆ ಕೆಲಸಕ್ಕೆ ಸೇರಿದ ದಿನ ದೊಡ್ಡಕ್ಕ ಇಟ್ಟ ಹೆಸರು. ಸಣಕಲು ಮೈ, ಬಾಯಿ ಬಿಡುವುದಿಲ್ಲ, ಎಲ್ಲದರೊಳಗೂ ತೂರಿ ಆ ಕಡೆಯಿಂದ ಬರುತ್ತಾಳೆ ಎನ್ನುವುದು ಅವರ ಲೆಕ್ಕ.

ನನ್ನ ಮುಂದಿದ್ದದ್ದು ಮೂವತ್ತೆಂಟು ವರ್ಷದ ಹಿಂದಿನ ಹಸಿರು ಬಾವುಟ. ಇದನ್ನು ತೋರಿಸಿ ಲೋಕಲ್ ರೈಲನ್ನು ಬಿಟ್ಟದ್ದಕ್ಕೇ ಮೂರನೇ ಗೇಟಿನ ಕಾವಲುಗಾರ ಕೆಲಸ ಕಳೆದುಕೊಂಡದ್ದು. ತಿರುವಿನಾಚೆ ಹಳಿ ರಿಪೇರಿಯವರ ಟ್ರಾಲಿ ಇತ್ತು. ರೈಲು ಅದಕ್ಕೆ ಬಡಿಯಿತು, ಒಬ್ಬ ಕೆಲಸಗಾರ ಉಳಿಯಲಿಲ್ಲ. ಆ ಕಾವಲುಗಾರ ನನ್ನ ಅಜ್ಜ.

ನಾಳೆ ಬೆಳಗ್ಗೆ ಹತ್ತಕ್ಕೆ ಸ್ಟೇಷನ್ನಿನ ನೂರು ವರ್ಷದ ಪ್ರದರ್ಶನ ತೆರೆಯುತ್ತದೆ. ಹರಿದಲ್ಲಿ ನಾನು ಹೊಲಿದು ಕೊಟ್ಟರೆ ಒಂಬತ್ತನೇ ಫಲಕದಲ್ಲಿ ಈ ಬಾವುಟ ಗಾಜಿನ ಹಿಂದೆ ಕೂರುತ್ತದೆ. ಅದರ ಕೆಳಗೆ “ಗೇಟು ಕಾವಲುಗಾರನ ಅಜಾಗರೂಕತೆಯಿಂದ” ಎಂದು ಶುರುವಾಗುವ ಒಂದು ಸಾಲು, ಅಜ್ಜನ ಪೂರ್ತಿ ಹೆಸರಿನ ಜೊತೆ.

“ನಾನಿರೋವರೆಗಾದರೂ ಆ ಸಾಲು ಗೋಡೆ ಹತ್ತದೆ ಇರಲಿ ಕಣೇ,” ಎಂದಿದ್ದಳು ಅಜ್ಜಿ. ನನ್ನ ಹತ್ತಿರ ಅವಳು ಏನನ್ನಾದರೂ ಬೇಡಿದ್ದು ಅದೊಂದೇ.

“ದೊಡ್ಡಕ್ಕ, ದಾರದ ಹಲಗೆ ನೋಡ್ಲಾ?”

“ಬಾಗಿಲ ಹಿಂದೆನೇ ಇದೆ. ನಿನಗಿಂತ ದಪ್ಪ ಇದೆ, ಕಾಣದೆ ಹೋಗಲ್ಲ.”

ಹಲಗೆಯ ಮೇಲೆ ವರ್ಷಕ್ಕೊಂದರಂತೆ ಮೊಳೆ. ಪ್ರತಿ ಮೊಳೆಗೆ ಎರಡು ದಾರದ ತುಂಡು. ಜುಲೈ ಬಂದರೆ ಲೈನಿನವರೆಲ್ಲ ಹಳೆ ಬಾವುಟ ಕೊಟ್ಟು ಹೊಸದು ಒಯ್ಯಬೇಕು. ಯಾರಾದರೂ ಮಾಸಿದ ಬಾವುಟವನ್ನೇ ಇಟ್ಟುಕೊಂಡರೆ ದೂರದಿಂದಲೇ ಗೊತ್ತಾಗಲೆಂದು ಅಂಚಿನ ದಾರದ ಬಣ್ಣ ಬದಲಿಸುತ್ತಿದ್ದರು. ಇಷ್ಟು ಲೈನಿನ ಪ್ರತಿಯೊಬ್ಬರಿಗೂ ಗೊತ್ತು.

ಗೊತ್ತಿಲ್ಲದ್ದು ಇನ್ನೊಂದಿದೆ. ಬಣ್ಣದ ದಾರ ದೊಡ್ಡ ಪೆಟ್ಟಿಗೆಯಲ್ಲಿ ಬರುತ್ತದೆ, ಎರಡು ವರ್ಷಕ್ಕಾಗುತ್ತದೆ. ಹಾಗಾಗಿ ಮೇಲಿನ ಬಣ್ಣ ಎರಡು ವರ್ಷ ಒಂದೇ. ವರ್ಷ ಗುರುತಿಸಲು ಹೊಲಿಗೆಯವರು ಬದಲಿಸುವುದು ಬಾಬಿನ್ನಿನ, ಅಂದರೆ ಮಷಿನ್ನಿನ ಅಡಿಯಿಂದ ಬರುವ ದಾರವನ್ನು. ಅದು ಕಾಣುವುದು ಹಿಂಬದಿಯಲ್ಲಿ ಮಾತ್ರ. ಬಾವುಟದ ಹಿಂಬದಿಯ ಹೊಲಿಗೆಯನ್ನು ಹೊಲಿದವರಲ್ಲದೆ ಇನ್ಯಾರು ನೋಡುತ್ತಾರೆ?

ಹಳದಿ ಎರಡೇ ವರ್ಷ ಬಂದಿತ್ತು. ಧೂಳಿಗೆ ಕಪ್ಪಾಗುತ್ತದೆಂದು ಆಮೇಲೆ ತರಿಸಲೇ ಇಲ್ಲ. ಮೊದಲ ವರ್ಷದ ಮೊಳೆಯಲ್ಲಿ ಹಳದಿ, ಬಿಳಿ. ಎರಡನೆಯದರಲ್ಲಿ ಹಳದಿ, ನೀಲಿ.

ಅಪಘಾತವಾದದ್ದು ಆ ಎರಡು ಜುಲೈಗಳ ನಡುವಿನ ಮಾರ್ಚಿನಲ್ಲಿ. ಹಳದಿ, ಬಿಳಿ ಇರಬೇಕಿತ್ತು. ನೀಲಿ ಬಾಬಿನ್ ಮಷಿನ್ನಿಗೆ ಏರಿದ್ದೇ ಜುಲೈಗೆ.

ಅಜ್ಜನ ತಪ್ಪಿಗೆ ಸಾಕ್ಷಿಯಾಗಿ ಲಕೋಟೆಯೊಳಗೆ ಮುಚ್ಚಿಟ್ಟ ಬಾವುಟವನ್ನು, ಅಪಘಾತವಾದ ದಿನ ಇನ್ನೂ ಯಾರೂ ಹೊಲಿದಿರಲಿಲ್ಲ.

ನನ್ನ ಮುಖ ನೋಡಿ ದೊಡ್ಡಕ್ಕ ಎದ್ದು ಬಂದರು. ಕನ್ನಡಕ ಮೂಗಿನ ತುದಿಗಿಳಿಸಿ ಎರಡೂ ಬದಿ ನೋಡಿದರು, ಮೂಲೆಯನ್ನು ಬೆರಳಲ್ಲಿ ಸವರಿದರು. ಅಲ್ಲಿ ದಾರದಲ್ಲೇ ಎಳೆದ ಮೂರು ಗೀಟು. ಮೂರನೇ ಗೇಟಿನ ಗುರುತು.

“ಆ ವರ್ಷದ ಪುಸ್ತಕ ಇಳಿಸು,” ಎಂದರು. ತಮಾಷೆಯ ಧ್ವನಿ ಹೋಗಿತ್ತು.

ಅಟ್ಟದಿಂದ ಇಳಿಸಿದ ಪುಸ್ತಕ ಮೂಸಿದರೆ ಸೀನು ಬರುವಂತಿತ್ತು. ಜುಲೈ ಮೂರು, ಮೂರನೇ ಗೇಟು, ಕೆಂಪು ಒಂದು, ಹಸಿರು ಒಂದು. ಬೆರಳು ಕೆಳಗಿಳಿಸಿದೆ. ಆಗಸ್ಟ್ ಹತ್ತೊಂಬತ್ತು, ಮೂರನೇ ಗೇಟು. “ಹಸಿರು ಬಾವುಟವನ್ನು ಮೇಕೆ ತಿಂದಿದೆ. ಬದಲಿ ಕೊಡಲಾಗಿದೆ.”

ದೊಡ್ಡಕ್ಕ ಪಕ್ಕೆ ಹಿಡಿದುಕೊಂಡು ನಕ್ಕರು. “ಕೆಂಪನ್ನ ಬಿಟ್ಟು ಹಸಿರೇ ತಿಂದಿದೆ ನೋಡು. ರೈಲ್ವೆ ಮೇಕೆ. ಸಿಗ್ನಲ್ ಗೊತ್ತು ಅದಕ್ಕೆ.”

ನಾನೂ ನಕ್ಕೆ. ಆಮೇಲೆ ಇಬ್ಬರ ನಗುವೂ ಒಟ್ಟಿಗೇ ನಿಂತಿತು.

“ಆಗಸ್ಟ್ ಅಂದರೆ,” ದೊಡ್ಡಕ್ಕ ಮೆಲ್ಲಗೆ ಹೇಳಿದರು, “ನಿಮ್ಮಜ್ಜನ್ನ ತೆಗೆದುಹಾಕಿ ಆಗಿತ್ತು. ಆ ಗೇಟಿಗೆ ಬಂದದ್ದು ನಿಮ್ಮಜ್ಜಿ ಅಲ್ವೇನೇ?”

ಹೌದು. ಮಗು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆಂದು ಮರುಕಪಟ್ಟು ಅಜ್ಜಿಗೇ ಆ ಗೇಟು ಕೊಟ್ಟಿದ್ದರು. ಇಪ್ಪತ್ತೇಳು ವರ್ಷ ಅದನ್ನು ಕಾದಳು, ಹಳಿಯಡಿ ಕೆಳದಾರಿ ಕಟ್ಟಿ ಗೇಟು ಮುಚ್ಚುವವರೆಗೆ. ಕೋಳಿ ಕಂಡರೂ ಸೀರೆ ಎತ್ತಿ ಹಿಡಿದು ದೂರ ಸರಿಯುವ ನನ್ನ ಅಜ್ಜಿ ಮೇಕೆ ಸಾಕಿದ್ದು ಯಾವಾಗ?

ಲಕೋಟೆಯ ಮೇಲೆ ಮೂರು ಸಹಿ ಇದ್ದವು. ವಿಚಾರಣೆ ನಡೆಸಿದ ಇನ್‌ಸ್ಪೆಕ್ಟರು ತೀರಿಕೊಂಡು ವರ್ಷಗಳಾದವು. ರೈಲಿನ ಡ್ರೈವರು ಎರಡನೇ ಲೈನಿನ ಕೊನೆಯ ಸ್ಟೇಷನ್ನಿನ ಬಳಿ ಮಗಳ ಮನೆಯಲ್ಲಿದ್ದಾರೆ, ಹೋದ ವಾರ ನೋಡಿ ಬಂದೆ. “ಹಸಿರು ಕಂಡೆ ತಾಯಿ, ಕಂಡದ್ದನ್ನೇ ಹೇಳಿದೆ,” ಎಂದಷ್ಟೇ ಹೇಳಿ ಅತ್ತುಬಿಟ್ಟರು.

ಮೂರನೆಯ ಸಹಿ ಆಗಿನ ಕಿರಿಯ ಸಹಾಯಕ ಸ್ಟೇಷನ್ ಮಾಸ್ತರರದು. ಈಗ ಎಲ್ಲರೂ ಬರೀ ಮಾಸ್ತರು ಎನ್ನುವುದು ಅವರನ್ನೇ. ಈ ಪ್ರದರ್ಶನವೂ ಅವರದೇ.

ನನಗೆ ಓದಲು ಕಲಿಸಿದವರೂ ಅವರೇ.

ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು. ಅಜ್ಜಿಯ ಕಣ್ಣು ಮಂಜಾಗತೊಡಗಿತ್ತು. ಅಕ್ಷರ ಕೂಡಿಸಿ ಓದಲು ಬರುವ ಮೊದಲೇ ಶಾಲೆ ಬಿಟ್ಟೆ. ಸಂಜೆ ಸ್ಟೇಷನ್ನಿಗೆ ಅಜ್ಜಿಯ ಪಿಂಚಣಿ ಕಾಗದ ಓದಿಸಲು ಬಂದವಳನ್ನು ಮಾಸ್ತರು ವೇಳಾಪಟ್ಟಿಯ ಮುಂದೆ ನಿಲ್ಲಿಸಿದರು. “ನೀನೇ ಓದು. ತಪ್ಪಾದರೂ ಪರವಾಗಿಲ್ಲ, ಜೋರಾಗಿ ಓದು.” ನಾಲ್ಕು ಲೈನಿನ ಐವತ್ತೆರಡು ಸ್ಟೇಷನ್ನಿನ ಹೆಸರು, ಅದೇ ನನ್ನ ಪಠ್ಯಪುಸ್ತಕ. ನನ್ನ ಧ್ವನಿ ಸಣ್ಣದು. ರೈಲು ಬಂದಾಗಲೂ ಕೇಳಿಸುವಷ್ಟು ಜೋರಾಗಿ ಓದುವವರೆಗೆ ಅವರು ಬಿಡಲಿಲ್ಲ.

ಬಾವುಟವನ್ನು ಕಾಗದದಲ್ಲಿ ಸುತ್ತಿಕೊಂಡು ಮೇಲ್ಸೇತುವೆ ಹತ್ತಿದೆ. ಹೇಳಬೇಕಾದದ್ದನ್ನು ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಬಾಯೊಳಗೇ ಹೇಳಿಕೊಂಡೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು.

ಪ್ರದರ್ಶನ ಇದ್ದದ್ದು ಹಳೆಯ ವೇಟಿಂಗ್ ರೂಮಿನಲ್ಲಿ. ದೊಡ್ಡವರ ಫೋಟೋ ಒಂದೂ ಇಲ್ಲ. ಮೊದಲ ಫಲಕದಲ್ಲಿ ಒಂದೇ ಪ್ಲಾಟ್‌ಫಾರ್ಮು, ತಗಡಿನ ಸೂರು. ಮೂರನೆಯದರಲ್ಲಿ ಮೊದಲ ಲೋಕಲ್ ಲೈನು, ಬಟ್ಟೆ ಗಿರಣಿಯವರೆಗೆ, ಮೂರು ಗೇಟು. ಗಿರಣಿಯ ಸೈರನ್ ಕೂಗಿದ ಮೇಲೇ ರೈಲು ಹೊರಡುತ್ತಿತ್ತಂತೆ, ಗಡಿಯಾರ ಏನೇ ಹೇಳಲಿ. ಐದರಲ್ಲಿ ಹಾಲಿನ ಕ್ಯಾನುಗಳ ನಡುವೆ ನಿಂತು ಸ್ವೆಟರ್ ಹೆಣೆಯುತ್ತಿರುವ ಹೆಂಗಸರು. ಊರು ಬೆಳೆದ ಹಾಗೆ ಲೈನು ಬೆಳೆಯಿತು ಎಂದು ಎಲ್ಲರೂ ಹೇಳುತ್ತಾರೆ, ಲೈನು ಹೋದಲ್ಲಿಗೆ ಊರು ಹೋಯಿತು ಎಂದು ಮಾಸ್ತರು ಬರೆದಿದ್ದರು.

ಒಂಬತ್ತನೇ ಫಲಕ ಇನ್ನೂ ನೆಲದ ಮೇಲೆ ಗೋಡೆಗೆ ಒರಗಿತ್ತು.

ಮಾಸ್ತರು ನನಗೆ ಬೆನ್ನು ಹಾಕಿ ಬಡಗಿಗೆ ಏನೋ ವಿವರಿಸುತ್ತಿದ್ದರು. “ಗೇಟಿನವರು ಕೈ ಪಕ್ಕಕ್ಕೆ ಚಾಚಿ, ಅಲ್ಲಾಡದೆ ಹಿಡೀಬೇಕು. ನಾವು ಪ್ಲಾಟ್‌ಫಾರ್ಮಿನವರು ಹಾಗಲ್ಲ. ನೋಡಿ, ಹೀಗೆ.”

ಬಲಗೈ ತಲೆಯ ಮೇಲೆತ್ತಿ, ಈ ಕಡೆಯಿಂದ ಆ ಕಡೆಗೆ ಅರ್ಧಚಂದ್ರ ಬರೆದರು. ಕೈ ನೆತ್ತಿಯ ಮೇಲೆ ಬಂದಾಗ ಹಿಮ್ಮಡಿ ಎರಡೂ ನೆಲ ಬಿಟ್ಟವು.

ಬಡಗಿ ನಕ್ಕ. “ಹಾರಿ ಹೋಗ್ತೀರ ಮಾಸ್ತರೇ.”

“ನಾನು ಕುಳ್ಳ ಅಲ್ವೇನಯ್ಯಾ. ಗುಂಪಿನ ತಲೆಗಳ ಮೇಲಿಂದ ಗಾರ್ಡಿಗೆ ಕಾಣಬೇಡ್ವಾ? ತುದಿಗಾಲಲ್ಲಿ ನಿಂತು ನಿಂತು ಅದೇ ರೂಢಿ ಆಯ್ತು. ಇಡೀ ಡಿವಿಷನ್ನಿನಲ್ಲಿ ನನ್ನ ಹಾಗೆ ಬೀಸೋರು ಯಾರೂ ಇರಲಿಲ್ಲ.” ಆಗ ನನ್ನನ್ನು ಕಂಡರು. “ಬಾ ಮಗು. ಹೊಲಿದಾಯ್ತಾ?”

ಬಡಗಿ ಮೊಳೆ ತರಲು ಹೊರಗೆ ಹೋದ. ನಾನು ಮೇಜಿನ ಮೇಲೆ ಬಾವುಟ ಹಾಸಿದೆ. ಹಿಂಬದಿ ಮೇಲಾಗಿ.

“ತಿರುಗಿಸಿ ಹಾಕಿದ್ದೀಯಲ್ಲ.”

“ಬೇಕಂತಲೇ, ಮಾಸ್ತರೇ.”

ದಾರದ ಕತೆ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಕೈಗಳನ್ನೇ ನೋಡಿದೆ. ಅವು ಕನ್ನಡಕ ತೆಗೆದವು, ಒರೆಸಿದವು, ಒರೆಸುತ್ತಲೇ ಇದ್ದವು.

“ಹಿಂದೆ ನೀಲಿ,” ಎಂದರು. “ನಾನು ಮುಂದಿನ ಹಳದಿ ನೋಡಿ ಸಾಕು ಅಂದುಕೊಂಡೆ. ಮೂವತ್ತೆಂಟು ವರ್ಷ ಸಾಕಾಗಿತ್ತು ಕೂಡ.”

“ಅಂದರೆ ಹಾಕಿದ್ದು ನೀವೇ?”

“ನಾನೇ.”

ಹೊರಗೆ ಗಿರಣಿ ಲೈನಿನ ರೈಲು ಹೊರಟಿತು. ಅದರ ಸದ್ದು ಮುಗಿಯುವವರೆಗೆ ಇಬ್ಬರೂ ಕಾದೆವು. ಸ್ಟೇಷನ್ನಿನವರು ಹಾಗೇ, ರೈಲು ಹೋಗುವಾಗ ಮಾತಾಡುವುದಿಲ್ಲ.

“ಲಕೋಟೆ ಖಾಲಿ ಇತ್ತು ಮಗು. ಹಸಿರು ಬಾವುಟ ವಶಪಡಿಸಿಕೊಂಡೆ ಅಂತ ಇನ್‌ಸ್ಪೆಕ್ಟರು ಬರೆದುಬಿಟ್ಟಿದ್ದರು. ನಿಮ್ಮಜ್ಜ ಕೊಟ್ಟಿರಲಿಲ್ಲ, ಕಳೆದುಹೋಗಿದೆ ಅಂದಿದ್ದರು. ಆಗಸ್ಟಿನಲ್ಲಿ ಮೇಲಿನವರು ಕಡತ ನೋಡೋಕೆ ಬರ್ತಾರೆ ಅಂತಾಯ್ತು. ‘ಹೋಗಿ ಒಂದು ತಗೊಂಡು ಬಾ’ ಅಂತ ನನ್ನನ್ನ ಮೂರನೇ ಗೇಟಿಗೆ ಕಳಿಸಿದರು.”

“ಅಜ್ಜಿ ಕೊಟ್ಟಳಾ?”

“ಕೇಳಿದ ತಕ್ಷಣ. ಯಾಕೆ ಅಂತಲೂ ಕೇಳಲಿಲ್ಲ. ‘ಮೇಕೆ ತಿಂತು ಅಂತ ಬರೆಸಿಕೊಳ್ತೀನಿ’ ಅಂದರು. ನನಗೆ ನಗುನೂ ಬಂತು, ಅಳುನೂ ಬಂತು.”

“ಹಾಗಾದರೆ ಅಜ್ಜನ ಹತ್ತಿರ ಹಸಿರು ಇತ್ತು ಅನ್ನೋಕೆ ಏನೂ ಇಲ್ಲ.”

“ಡ್ರೈವರು ಕಂಡಿದ್ದಾನೆ.”

“ನೀವು, ಮಾಸ್ತರೇ? ಆವತ್ತು ನೀವೆಲ್ಲಿದ್ರಿ?”

ಇಷ್ಟು ನೇರವಾಗಿ ನಾನು ಯಾರನ್ನೂ ಕೇಳಿದವಳಲ್ಲ.

“ಇಲ್ಲೇ. ಒಂದನೇ ಪ್ಲಾಟ್‌ಫಾರ್ಮಿನಲ್ಲಿ. ಆಗಸ್ಟಿನವರೆಗೆ ನಾನು ಮೂರನೇ ಗೇಟಿನ ಕಡೆ ತಲೆ ಹಾಕಿದವನೇ ಅಲ್ಲ.” ಒರೆಸಿದ ಕನ್ನಡಕವನ್ನು ಹಾಕಿಕೊಳ್ಳದೆ ಜೇಬಿಗಿಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ.

“ಆ ಸಾಲು ತೆಗೆಸಿ, ಮಾಸ್ತರೇ.”

“ಸಮಿತಿಯವರಿಗೆ ದಾರದ ಬಣ್ಣ ಸಾಲಲ್ಲ. ‘ಬಾವುಟ ಬದಲಾದರೇನಂತೆ, ತಪ್ಪು ಬದಲಾಯ್ತಾ’ ಅಂತಾರೆ. ನಿಜವಾದ ಬಾವುಟ ಎಲ್ಲಿಗೆ ಹೋಯ್ತು ಅನ್ನೋದು ಬೇಕು.” ನನ್ನ ತಲೆಯ ಮೇಲೆ ಕೈಯಿಟ್ಟರು, ಮೊದಲ ಸಲ ಇಡೀ ಪಟ್ಟಿ ತಪ್ಪಿಲ್ಲದೆ ಓದಿದ ದಿನ ಇಟ್ಟ ಹಾಗೆ. “ಮನೆಗೆ ಹೋಗು. ಅಜ್ಜಿಯನ್ನ ಕೇಳು. ಅದು ಸಿಕ್ಕರೆ ಈ ಫಲಕವನ್ನ ನಾನೇ ಒಡೆದು ಹಾಕ್ತೀನಿ.”

ಬಾಗಿಲು ದಾಟುವಾಗ ಕರೆದರು.

“ಮಗು. ಏನೇ ಸಿಗಲಿ, ಜೋರಾಗಿ ಓದು.”

ಗೇಟು ಹೋದರೂ ಗೇಟಿನ ಮನೆ ಉಳಿದಿದೆ. ಒಂದು ಕೋಣೆ, ಒಂದು ಅಡುಗೆಮನೆ, ಹಳಿಯ ಕಡೆಗೆ ಒಂದು ಕಿಟಕಿ. ರೈಲು ಹೋದಾಗಲೆಲ್ಲ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಅಜ್ಜಿ ಹೊಸ್ತಿಲ ಮೇಲೆ ಕೂತು, ಇಳಿಬಿಸಿಲಿಗೆ ಮುಖವೊಡ್ಡಿ, ಒಗೆದ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ಮಡಚುತ್ತಿದ್ದಳು.

“ಐದೂ ನಲವತ್ತು ಇನ್ನೂ ಹೋಗಿಲ್ಲ, ನೀನು ಬಂದುಬಿಟ್ಯಾ? ಕೆಲಸದಿಂದ ಓಡಿಸಿದ್ರಾ?”

ಪಕ್ಕದಲ್ಲಿ ಕೂತೆ. “ಅಜ್ಜಿ, ನೀನು ಮೇಕೆ ಸಾಕಿದ್ದೆಯಂತೆ.”

ಅವಳ ಕೈ ನಿಂತಿತು. ಆಮೇಲೆ ಭುಜ ಕುಲುಕತೊಡಗಿತು. ನಗುತ್ತಿದ್ದಾಳೆ ಎಂದುಕೊಂಡೆ. ಅರ್ಧ ನಗುವೇ ಇತ್ತು.

“ಯಾರು ಹೇಳಿದ್ರು?”

“ಹೊಲಿಗೆ ಕೋಣೆ ಪುಸ್ತಕ.”

“ಬರೆದೋಳಿಗೆ ನಂಬಿಕೆ ಬಂದಿರಲಿಲ್ಲ ಕಣೇ. ‘ಮೇಕೆ ಯಾವ ಬಣ್ಣದ್ದಮ್ಮಾ’ ಅಂತ ಕೇಳಿದ್ಲು. ಕರಿದು ಅಂದೆ.” ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಟ್ರಂಕ್ ತೆಗಿ. ತಳದವರೆಗೂ ಕೈ ಹಾಕು. ನಿಮ್ಮಮ್ಮನ ಕುಲಾವಿ ಇದೆ ನೋಡು.”

ಆ ಕುಲಾವಿಯನ್ನು ನಾನು ನೂರು ಸಲ ಕಂಡಿದ್ದೆ. ಮುಷ್ಟಿಗಾತ್ರದ ಹಸಿರು ಟೋಪಿ, ಗಲ್ಲಕ್ಕೆ ಕಟ್ಟಲು ಎರಡು ಲಾಡಿ. ಅಮ್ಮನಿಗೆ ಹಸಿರು ಬಣ್ಣ ಒಗ್ಗುತ್ತಿತ್ತೇನೋ ಎಂದಷ್ಟೇ ಯೋಚಿಸಿದ್ದೆ. ಈಗ ಬೆಳಕಿಗೆ ಹಿಡಿದೆ.

ಹಣೆಯ ಮೇಲೆ ಬರುವ ಅಂಚು ಅಜ್ಜಿಯ ಕೈಹೊಲಿಗೆಯಲ್ಲ, ಮಷಿನ್ನಿನದು. ಹೊರಗೆ ಹಳದಿ. ಒಳಗೆ ಬಿಳಿ. ಕಿವಿಯ ಹತ್ತಿರ, ಮಡಿಕೆಯೊಳಗೆ, ದಾರದ ಮೂರು ಗೀಟು.

“ಆವತ್ತು ಬೆಳಗ್ಗೆ ನಿಮ್ಮಮ್ಮ ಹುಟ್ಟಿದ್ದು,” ಎಂದಳು ಅಜ್ಜಿ. “ಇನ್ನೂ ಇಪ್ಪತ್ತು ದಿನ ಇದೆ ಅಂದುಕೊಂಡಿದ್ವಿ. ಸೂಲಗಿತ್ತಿ ಬರೋದು ತಡ ಆಯ್ತು. ನಿಮ್ಮಜ್ಜ ಗೇಟು ಹಾಕಿ ಬೀಗ ಜಡಿದು ಒಳಗೆ ಬಂದರು. ಅವರೇ ಎತ್ತಿಕೊಂಡದ್ದು ಮಗೂನ. ಒಗೆದು ಒಣಗಿಸಿದ ಬಟ್ಟೆ ಅಂತ ಕೈಗೆ ಸಿಕ್ಕಿದ್ದು ಆ ಬಾವುಟ ಒಂದೇ. ಅದರಲ್ಲೇ ಸುತ್ತಿದರು. ಎಲೆಯಲ್ಲಿ ಸುತ್ತಿದ ಮೊಗ್ಗಿನ ಹಾಗೆ ಕಂಡಿತು. ಆಮೇಲೆ ಅದನ್ನೇ ಕುಲಾವಿ ಮಾಡಿದೆ.”

“ಹಾಗಾದರೆ ಅಜ್ಜ ಹಸಿರು ತೋರಿಸೋದು ಸಾಧ್ಯನೇ ಇರಲಿಲ್ಲ. ಯಾಕಜ್ಜಿ ಹೇಳಲಿಲ್ಲ ಇಷ್ಟು ವರ್ಷ?”

“ಹೇಳಿದ್ರೆ, ರೈಲು ಬಂದಾಗ ಎಲ್ಲಿದ್ದೆ ಅಂತ ಕೇಳ್ತಾರಲ್ಲ. ಟ್ರಾಲಿ ಮುಂದಿದೆ, ಕೆಂಪು ಹಿಡಿದು ನಿಂತಿರು ಅಂತ ಹಳಿ ರಿಪೇರಿಯೋರು ಹೇಳಿ ಹೋಗಿದ್ರು ಇವರಿಗೆ. ‘ಗೇಟು ಬಿಟ್ಟು ಬಂದೋನು ನಾನು. ಯಾವ ಬಾವುಟ ಅನ್ನೋದನ್ನ ತಗೊಂಡು ಏನು ಮಾಡ್ಲಿ’ ಅಂದ್ರು ನಿಮ್ಮಜ್ಜ. ಮಗು ಹೆಸರು ಆ ಸಾವಿನ ಜೊತೆ ಸೇರಬಾರದು ಅಂತ ಆಣೆ ಹಾಕಿಸಿಕೊಂಡ್ರು. ಈಗ ಅವರೂ ಇಲ್ಲ, ಅವಳೂ ಇಲ್ಲ. ಯಾರಿಗೋಸ್ಕರ ಕಾಯಲಿ? ತಗೊಂಡು ಹೋಗು. ಬಿಟ್ಟು ಬಂದ ಅಂತ ಬೇಕಾದ್ರೆ ಬರೀಲಿ. ಹಸಿರು ತೋರಿಸಿ ಒಬ್ಬನ್ನ ಕೊಂದ ಅಂತ ಮಾತ್ರ ಬೇಡ.”

ಕುಲಾವಿಯನ್ನು ಎದೆಗೊತ್ತಿಕೊಂಡೆ. ಗೆದ್ದೆ ಎನಿಸಿತು. ಆ ಗೆಲುವು ಒಂದು ನಿಮಿಷವೂ ಇರಲಿಲ್ಲ.

“ಅಜ್ಜಿ, ಹಾಗಾದರೆ ಡ್ರೈವರು ಏನು ಕಂಡ?”

“ಹಸಿರೇ ಕಂಡ. ಪಾಪ, ಅವನು ಸುಳ್ಳು ಹೇಳಿಲ್ಲ. ನಾನೂ ಕಂಡೆ.”

ಐದೂ ನಲವತ್ತರ ಲೋಕಲ್ ಬಂದಿತು. ಲೋಟಗಳು ಸದ್ದು ಮಾಡಿದವು. ಅದು ಹೋಗುವವರೆಗೆ ಅಜ್ಜಿ ಇನ್ನೊಂದು ಬಟ್ಟೆ ಮಡಚಿದಳು.

“ಮಲಗಿದ್ದಲ್ಲಿಂದ ಈ ಕಿಟಕಿ ಕಾಣ್ತಿತ್ತು. ನಿಮ್ಮಜ್ಜ ನಿಲ್ಲೋ ಜಾಗದಲ್ಲಿ ಯಾರೋ ನಿಂತಿದ್ದ. ಯಾರೂ ಇಲ್ಲ ಅಂತ ನೋಡಿ, ಪಾಪ, ಸಹಾಯಕ್ಕೇ ನಿಂತನೋ ಏನೋ. ಬಿಸಿಲು ಅವನ ಹಿಂದಿನಿಂದ, ಮುಖ ಕಾಣಲಿಲ್ಲ. ರೈಲಿನ ಸದ್ದಿಗೆ ನಿಮ್ಮಜ್ಜ ಹೊರಗೆ ಓಡಿದ್ರು. ಆಗಲೇ ತಡ ಆಗಿತ್ತು.”

“ಅಜ್ಜ ಅವನನ್ನ ನೋಡಿರಬೇಕಲ್ಲ?”

“ನೋಡೇ ಇರ್ತಾರೆ. ಎಷ್ಟು ಸಲ ಕೇಳಿದೆ. ‘ಯಾರೂ ಇರಲಿಲ್ಲ, ನಿನಗೆ ಬಾಣಂತಿ ಜ್ವರ’ ಅಂದ್ರು. ಸಾಯೋ ಹೊತ್ತಿಗೂ ಅದೇ ಮಾತು. ಒಂದೇ ಸಲ ಬಾಯಿ ತಪ್ಪಿ, ‘ಅವನಿಗಿನ್ನೂ ಇಪ್ಪತ್ತೆರಡು ಕಣೇ’ ಅಂದ್ರು.”

“ಗೇಟಿನವನಾ ಅವನು?”

“ಅಲ್ವೇ ಅಲ್ಲ. ಗೇಟಿನೋರು ಹಾಗೆ ಮಾಡಲ್ಲ. ತಾಳು, ತೋರಿಸ್ತೀನಿ.”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಎದ್ದು, ಒಳಗಿದ್ದ ನನ್ನ ಕಡೆ ತಿರುಗಿದಳು. ಇಳಿಬಿಸಿಲು ಅವಳ ಬೆನ್ನ ಹಿಂದಿತ್ತು, ಮುಖ ನನಗೆ ಕಾಣಲಿಲ್ಲ. ಬಲಗೈ ತಲೆಯ ಮೇಲೆತ್ತಿ, ಈ ಕಡೆಯಿಂದ ಆ ಕಡೆಗೆ ಅರ್ಧಚಂದ್ರ ಬರೆದಳು. ಕೈ ನೆತ್ತಿಯ ಮೇಲೆ ಬಂದಾಗ, ಎಪ್ಪತ್ತರ ಆ ಹಿಮ್ಮಡಿ ಎರಡೂ ಮೆಲ್ಲಗೆ ನೆಲ ಬಿಟ್ಟವು.

“ಹೀಗೆ,” ಎಂದಳು. “ಯಾರ ತಲೆ ಮೇಲಿಂದಲೋ ತೋರಿಸೋ ಹಾಗೆ. ಇಲ್ಲಿ ಹಳಿ ಬಿಟ್ರೆ ಏನೂ ಇರಲಿಲ್ಲ. ಯಾಕೆ ಹಾಗೆ ಮಾಡಿದ ಅಂತ ಇವತ್ತಿಗೂ ಗೊತ್ತಾಗಿಲ್ಲ ನನಗೆ.”

ನನಗೆ ಗೊತ್ತಾಗಿತ್ತು.

ಕುಲಾವಿ ನನ್ನ ಮುಷ್ಟಿಯೊಳಗೆ ಬೆಚ್ಚಗಿತ್ತು. ನಾಳೆ ಹತ್ತರೊಳಗೆ ಅದನ್ನು ಮೇಜಿನ ಮೇಲಿಟ್ಟರೆ ಗೋಡೆಯಿಂದ ಒಂದು ಹೆಸರು ಇಳಿಯುತ್ತದೆ. ಆ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಬರುವ ಹೆಸರನ್ನು ಎಲ್ಲರೆದುರು ಓದಬೇಕಾದವಳು ನಾನು. ಜೋರಾಗಿ ಓದು ಎಂದು ಅವರೇ ಹೇಳಿ ಕಳಿಸಿದ್ದರು.

“ಯಾಕೇ ಸುಮ್ಮನಾದೆ?” ಅಜ್ಜಿ ಕತ್ತಲಾಗುತ್ತಿದ್ದ ಕಣ್ಣುಗಳಲ್ಲಿ ನನ್ನನ್ನು ಹುಡುಕಿದಳು. “ನಿನಗೇನಾದರೂ ಗೊತ್ತಾ, ಅವನು ಯಾರು ಅಂತ?”